ಮಣಿಸರದ ಹಿಂದಿನ ಎದೆ

ಬೊಬ್ರುವಾಡದ ಹೊನ್ನು ನಮ್ಮ ಮನೆಯ ಮೆಟ್ಟಿಲ ಮೇಲೆ ತರಕಾರಿ ಬುಟ್ಟಿ ಇಳಿಸಿದಳೆಂದರೆ ಮೊದಲು ಬೈಸಿಕೊಳ್ಳುವವಳು ನಾನು. ನಿನ್ನೆ ಕೊಟ್ಟ ಹರಿವೆ ಸೊಪ್ಪನ್ನು ಇನ್ನೂ ಯಾಕೆ ಬೇಯಿಸಿಲ್ಲ, ಬದನೆಕಾಯನ್ನು ಹೀಗೆ ಹಿಚುಕಿ ನೋಡುವುದನ್ನು ಯಾರು ಕಲಿಸಿದರು ಎಂದು ಶುರು ಮಾಡುವಳು. ಅಂಕೋಲೆಯ ಶಾಲೆಯಲ್ಲಿ ಮಕ್ಕಳನ್ನು ಗದರಿಸುತ್ತ ಕೂದಲು ನರೆತ ಜಯಶ್ರೀ ಅಕ್ಕೋರು ನಾನು, ಅವಳೆದುರು ಬಾಯಿ ಮುಚ್ಚಿ ನಿಲ್ಲುತ್ತಿದ್ದೆ. ಅವಳು ಹಾಲಕ್ಕಿ ಒಕ್ಕಲ ಹೆಂಗಸು. ಕುತ್ತಿಗೆಯಿಂದ ಎದೆಯ ಕೆಳಗಿನವರೆಗೂ ಕರಿ, ಹಳದಿ, ಕೆಂಪು ಮಣಿಗಳ ಸರಗಳು. ಎಷ್ಟು ಎಳೆ ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ.

ಎರಡು ಸಾವಿರದ ಆರರ ಮಳೆಗಾಲ ಮುಗಿಯುವಾಗ ಅವಳ ಬೈಗುಳ ನಿಂತಿತು. ಬುಟ್ಟಿ ಇಳಿಸಿ ಸುಮ್ಮನೆ ಕೂತು ದಮ್ಮು ಕಟ್ಟಿ ಉಸಿರೆಳೆಯತೊಡಗಿದಳು. ಅಷ್ಟು ಮಣಿ ಹೊತ್ತರೆ ಎತ್ತಿಗೂ ದಮ್ಮು ಬಂದೀತು ಎಂದು ನಾನು ಚೇಷ್ಟೆ ಮಾಡಿದೆ. ಅವಳು ತಿರುಗಿ ಬೈಯಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ಪೇಟೆಯ ಹಳೆಯ ಡಾಕ್ಟರು ಎಳೆಗಳ ನಡುವೆ ಕೊಳವೆ ತೂರಿಸಿ ಬಹಳ ಹೊತ್ತು ಆಲಿಸಿದರು. ಎದೆಯೊಳಗೆ ಬೇಡದ ಸದ್ದೊಂದು ಕೇಳುತ್ತಿದೆ, ಕವಾಟದ ತೊಂದರೆ ಇರಬಹುದು, ಕಾರವಾರಕ್ಕೆ ಹೋಗಿ ಇಕೋ ಮಾಡಿಸಿ, ಎದೆಯೊಳಗಿನ ಚಿತ್ರ ಸಿಗುತ್ತದೆ ಎಂದರು. ಅವಳ ಗಂಡ ತಿಮ್ಮು ಗದ್ದೆಯಲ್ಲಿ ಹುಲಿ, ಆಸ್ಪತ್ರೆಯ ವಾಸನೆಗೇ ಬೆವರುವ ಮನುಷ್ಯ. ಹೀಗಾಗಿ ಇಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಹೊರಟವಳು ನಾನೇ.

ಅಲ್ಲಿ ಯಂತ್ರದ ಮುಂದೆ ಕೂತಿದ್ದ ಹುಡುಗ ಸರಗಳನ್ನೆಲ್ಲ ತೆಗೆದು ಬನ್ನಿ ಅಂದ. ಆಗುವುದಿಲ್ಲ ಅಂದಳು ಹೊನ್ನು. ಹರಿದ ಎಳೆ ಬದಲಿಸುವಾಗ ಒಂದನ್ನು ಇಳಿಸಿ ಒಂದನ್ನು ಏರಿಸಿದ್ದುಂಟು, ಕುತ್ತಿಗೆ ಬರಿದಾಗಿದ್ದು ಇಲ್ಲ. ತಿಮ್ಮು ಕಟ್ಟಿದ ಕರಿಮಣಿಯೂ ಅದೇ ರಾಶಿಯೊಳಗಿತ್ತು. ಬರಿಗುತ್ತಿಗೆ ಆಗುವುದು ಗಂಡ ಹೋದ ದಿನ ಮಾತ್ರ ಎಂದು ಅವಳ ಅತ್ತೆ ಹೇಳಿಟ್ಟಿದ್ದಳಂತೆ. ಹುಡುಗ ನಾಚಿಕೆ ಸ್ವಭಾವದವನು, ವಾದಿಸಲಿಲ್ಲ. ಅವಳು ಒಂದು ಕೈಯಲ್ಲಿ ರಾಶಿಯನ್ನು ಎತ್ತಿ ಹಿಡಿದಳು, ಅವನು ಮುಖ ಆಚೆ ತಿರುಗಿಸಿ ಅವಸರದಲ್ಲಿ ಯಂತ್ರದ ಮೂತಿ ಆಡಿಸಿದ. ಮಣಿ ಜಾರಿ ಜಾರಿ ಅಡ್ಡ ಬಂದವು. ಚಿತ್ರ ಸ್ಪಷ್ಟವಿಲ್ಲ, ಏನೂ ಹೇಳಲಾಗದು ಎಂದು ವರದಿ ಬಂತು. ಏನೂ ಹೇಳಲಾಗದು ಎಂದು ಹೇಳುವುದಕ್ಕೂ ಪೂರ್ತಿ ದುಡ್ಡು! ಖಾಲಿ ಉತ್ತರಪತ್ರಿಕೆಗೆ ನಾನು ಮಾರ್ಕು ಕೊಟ್ಟಿದ್ದರೆ ನಮ್ಮ ಹೆಡ್‌ಮಾಸ್ತರು ಬಿಡುತ್ತಿದ್ದರೇ?

ಆಮೇಲೆ ಯಾರೋ ಹೇಳಿದರೆಂದು, ವಾರಕ್ಕೊಮ್ಮೆ ಕಾರವಾರಕ್ಕೆ ಬರುವ ದೊಡ್ಡ ಡಾಕ್ಟರ ಬಳಿ ಹೋದೆವು. ಅವರು ಎದೆಗೆ ವೈರು ಅಂಟಿಸಿ ಓಡುವ ಪಟ್ಟಿಯ ಮೇಲೆ ನಡೆಸುವ ಪರೀಕ್ಷೆ ಬರೆದರು. ಪಟ್ಟಿ ಓಡಿದಂತೆ ಹೊನ್ನುವಿನ ಮಣಿರಾಶಿ ಎಗರೆಗರಿ ವೈರುಗಳ ಮೇಲೆ ಬಡಿಯಿತು. ಕಾಗದದ ಮೇಲಿನ ಗೆರೆ ಏನೇನೋ ಕುಣಿಯಿತು, ಎರಡೇ ನಿಮಿಷಕ್ಕೆ ಅವಳು ಏದುಸಿರು ಬಿಟ್ಟು ಕೂತಳು. ಈ ಸಲ ವರದಿ ಏನೋ ಹೇಳಿತು: ರಕ್ತನಾಳದಲ್ಲಿ ತಡೆ ಇರುವ ಸಂಶಯ, ಗೋವೆಗೆ ಹೋಗಿ ಆಂಜಿಯೋಗ್ರಾಮ್ ಮಾಡಿಸಿ. ಅದಕ್ಕೆ ಆಗುವ ಖರ್ಚು ಕೇಳಿ ತಿಮ್ಮು, ಮನೆಯ ಎರಡೂ ಎಮ್ಮೆ ಸಂತೆಗೆ ಹೊಡೆದುಕೊಂಡು ಹೋದರೂ ಸಾಲದು ಎಂದು ನಗಲು ನೋಡಿದ. ನಗು ಬರಲಿಲ್ಲ.

ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಒಂದು ಚಿತ್ರ ಏನೂ ಗೊತ್ತಿಲ್ಲ ಅನ್ನುತ್ತದೆ, ಇನ್ನೊಂದು ಸಂಶಯ ಅನ್ನುತ್ತದೆ, ಮೂರನೆಯದು ಎಮ್ಮೆ ಕೇಳುತ್ತದೆ. ಶಾಲೆಯಲ್ಲಿ ಕದ್ವಾಡದ ತುಳಸಿದಾಸ ಮಾಸ್ತರರನ್ನು ಕೇಳಿದೆ. ಅವರ ಭಾವನಿಗೆ ಆಂಜಿಯೋಗ್ರಾಮ್ ಆಗಿ ನಾಳವೆಲ್ಲ ಚೊಕ್ಕ ಎಂದು ಗೊತ್ತಾಗಿತ್ತು. ದುಡ್ಡು ದಂಡವಾಯಿತೋ ಧೈರ್ಯ ಬಂತೋ ಎಂದರೆ, ಭಾವ ಧೈರ್ಯ ಅನ್ನುತ್ತಾನೆ, ಅಕ್ಕ ದಂಡ ಅನ್ನುತ್ತಾಳೆ ಎಂದರು ಮಾಸ್ತರರು. ಅವರ ಮಾತಿನಿಂದ ನನ್ನ ಗೊಂದಲ ದುಪ್ಪಟ್ಟಾಯಿತು. ಅಷ್ಟರಲ್ಲಿ ಹೊನ್ನು ಬುಟ್ಟಿ ಹೊರುವುದನ್ನೇ ಬಿಟ್ಟಿದ್ದಳು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಾಳೆ ಎಂದು ತಿಮ್ಮು ಬಂದು ಹೇಳಿಹೋದ. ಅವಳು ಸಾಯುತ್ತಾಳೆ ಎಂದು ನನಗೆ ನಿಜಕ್ಕೂ ಅನಿಸತೊಡಗಿತು.

ಎಲ್ಲ ಕಾಗದ ಹಿಡಿದು ಮತ್ತೆ ಹಳೆಯ ಡಾಕ್ಟರ ಬಳಿ ಹೋಗಿ ಜಗಳಕ್ಕೇ ನಿಂತೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ತಾವು ಆಲಿಸಿದ ಸದ್ದು ಕವಾಟದ್ದು, ಅದನ್ನು ತೋರಿಸುವುದು ಇಕೋ, ಗೋವೆಯ ದೊಡ್ಡ ಪರೀಕ್ಷೆ ಮುಖ್ಯವಾಗಿ ನಾಳಗಳನ್ನು ನೋಡುವುದಕ್ಕೆ, ಮೊದಲಿನದನ್ನೇ ನೆಟ್ಟಗೆ ಮಾಡಿಸದೆ ಮುಂದಿನದಕ್ಕೆ ಯಾಕೆ ಓಡುತ್ತೀರಿ ಎಂದರು. ಆಮೇಲೆ ಕೇಳಿದರು:

"ಸರ ತೆಗೆದಿದ್ದಳಾ?"

ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿ ಎದ್ದೆ.

ಬೊಬ್ರುವಾಡದ ಅವಳ ಅಂಗಳದಲ್ಲಿ ಕೂತು ಇದನ್ನೆಲ್ಲ ಹೇಳಿದೆ. ಎಮ್ಮೆ ಉಳಿಯುತ್ತದೆ, ಗೋವೆಗೆ ಹೋಗುವ ಅಗತ್ಯವೂ ಬೀಳದಿರಬಹುದು, ಅರ್ಧ ಗಂಟೆ ಸರ ತೆಗೆದರೆ ಸಾಕು. ಹೊನ್ನು ಅಡಕೆ ಜಗಿಯುತ್ತ ಕೇಳಿದಳು. ಕೊನೆಗೆ ಒಂದೇ ಮಾತು ಅಂದಳು:

"ನನ್ನ ಎದೆ ಚಿತ್ರಕ್ಕೆ ಅವ್ರ ಆಯಸ್ಸು ಕೊಡುಕೆ ಆಗುದಿಲ್ಲ, ಅಕ್ಕೋರೆ."

ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳುವೂ ಬಂತು. ನಾಲ್ಕು ಅಕ್ಷರ ಕಲಿತವಳು ಬುದ್ಧಿ ಹೇಳಬೇಕಿತ್ತು. ಆದರೆ ನನ್ನ ಕುತ್ತಿಗೆಯ ಮಂಗಳಸೂತ್ರವನ್ನು ನಾನು ಎಂದಾದರೂ ತೆಗೆದಿಟ್ಟಿದ್ದೆನೇ? ಯಾವ ಬಾಯಿಂದ ಹೇಳಲಿ? ತಿಮ್ಮು ಮಾತ್ರ ಕಂಬಕ್ಕೆ ಒರಗಿ ಕೂತವನು, ಸೋಮವಾರ ಹೋಗುವಾ, ಸುಮ್ಮನೆ ಬಾ ಎಂದು ಅವಳಿಗೆ ಹೇಳಿದ. ಗಂಡ ಕರೆದನೆಂದು ಅವಳು ಹೊರಟಳು, ಸರ ತೆಗೆಯುವುದಿಲ್ಲ ಎಂದು ಬಸ್ಸಿನಲ್ಲೂ ಹೇಳುತ್ತಲೇ ಇದ್ದಳು.

ಅದೇ ಕಾರವಾರ, ಅದೇ ಹುಡುಗ, ಅದೇ ಬಾಗಿಲು. ಹೆಸರು ಕೂಗಿದಾಗ ತಿಮ್ಮು ಎದ್ದು ಹೆಂಡತಿಯ ಎದುರು ನಿಂತು ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿದ. ತಲೆ ಬಗ್ಗಿಸಿದ.

"ನಂಗೆ ಹಾಕು. ಮಣಿ, ಜೀವ ಇದ್ದವ್ನ ಮೈಮೇಲೇ ಇರ್ತದೆ. ನೀ ಒಳಗೆ ಹೋಗು."

ಹೊನ್ನು ಅವನ ಮುಖವನ್ನೇ ನೋಡಿದಳು. ಆಮೇಲೆ ಒಂದೊಂದೇ ಎಳೆ ತನ್ನ ತಲೆಯಿಂದ ದಾಟಿಸಿ ಅವನ ಕುತ್ತಿಗೆಗೆ ಹಾಕಿದಳು. ಕರಿಮಣಿಯನ್ನು ಕೊನೆಗೆ ಹಾಕಿದಳು. ಬೆಂಚಿನ ಮೇಲಿದ್ದವರು ನಗಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಮ್ಮು ಯಾರನ್ನೂ ನೋಡದೆ ಮಣಿ ಹೇರಿಕೊಂಡು ನೆಟ್ಟಗೆ ಕೂತ.

ಒಳಗೆ ನಾನು ಅವಳ ಕೈ ಹಿಡಿದು ನಿಂತಿದ್ದೆ. ಪರದೆಯ ಮೇಲೆ ಬೂದಿ ಬಣ್ಣದ ಏನೋ ಅಲುಗುತ್ತಿತ್ತು. ಹುಡುಗ ಬೆರಳಿಟ್ಟು ತೋರಿಸಿದಾಗ ನನಗೂ ಕಂಡಿತು: ಕೇಣಿಯ ಕಡಲ ದಂಡೆಗೆ ಎಳೆದು ಹಾಕಿದ ಮೀನಿನ ಬಾಯಿಯಂತೆ, ಪೂರ್ತಿ ತೆರೆಯಲಾರದೆ ಒದ್ದಾಡುವ ಒಂದು ಸಣ್ಣ ಬಾಯಿ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದಿತ್ತೇ ಎಂದು ಅಲ್ಲಿಯ ಡಾಕ್ಟರು ಕೇಳಿದರು. ಬಂದಿತ್ತು. ಆ ಜ್ವರವೇ ಕವಾಟವನ್ನು ಬಿಗಿಸಿದೆ, ಸದ್ಯಕ್ಕೆ ಗುಳಿಗೆ ಮತ್ತು ಇಂಜೆಕ್ಷನ್, ಮುಂದೆ ಬಲೂನು ಹಾಕಿ ಬಿಡಿಸಬಹುದು, ಸರಿಯಾದ ಹೊತ್ತಿಗೆ ಬಂದಿದ್ದೀರಿ ಎಂದರು. ಎಲ್ಲಕ್ಕಿಂತ ಅಗ್ಗದ ಚಿತ್ರವೇ ಎಲ್ಲವನ್ನೂ ಹೇಳಿತ್ತು. ಹಾಗಾದರೆ ಮೊದಲ ಸಲ ಕೊಟ್ಟ ದುಡ್ಡು ಯಾವುದರ ಬೆಲೆ, ಪಟ್ಟಿಯ ಮೇಲೆ ಓಡಿಸಿದ್ದು ಯಾಕೆ, ನನಗೆ ಇವತ್ತಿಗೂ ಲೆಕ್ಕ ಕೂಡುವುದಿಲ್ಲ.

ಹೊನ್ನು ಇದ್ಯಾವುದನ್ನೂ ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಸೆರಗು ಹೊದ್ದು ಹೊರಗೆ ನಡೆದಳು. ತಿಮ್ಮು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದ. ಅವಳು ಓಡಿದಳು. ಮಣಿಗಳ ಅಡಿಗೆ ಕೈ ತೂರಿಸಿ ಅವನ ಎದೆಯ ಮೇಲೆ ಅಂಗೈ ಇಟ್ಟು ಹಾಗೆಯೇ ನಿಂತಳು. ಅವನು ಕಣ್ಣು ಬಿಟ್ಟ.

"ಎದೆ ಹೊಡಕಂತದೆ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಈಗ ಹೇಳಿ ಅಕ್ಕೋರೆ, ನಂಗೆ ಎಂತಾ ಆಗಿದೆ?"