ಮುದ್ದೆಯ ಭೂಶಿರ

ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಮೊಬೈಲಿಗೆ ಒಂದು ಚಿತ್ರ ಬಂತು. ಸಮುದ್ರದ ನಡುವೆ ಒಂಟಿ ಕಲ್ಲುಕಂಬ. ಹಿಂದೆಯೇ ಶಬಾನಾಳ ದನಿಯ ಸಂದೇಶ: "ಸಾರ್, ಶನಿವಾರ ನಮ್ಮ ಸ್ಕೂಲ್ ಮಕ್ಕಳನ್ನ ಇಲ್ಲಿಗೆ ಕರ್ಕೊಂಡು ಹೋಗ್ತಿದೀನಿ. ನೀವೂ ಬರ್ಲೇಬೇಕು. ಅಲ್ಲಿ ನಿಂತು ನೀವೇ ಪಾಠ ಮಾಡ್ಬೇಕು. ಎಷ್ಟು ಸಲ ನೋಡಿರೋರು ನೀವು!"

ಎಷ್ಟು ಸಲ ನೋಡಿದ್ದೇನೆಂದು ನಿಮಗೆ ಮಾತ್ರ ಹೇಳುತ್ತೇನೆ: ಒಂದು ಸಲವೂ ಇಲ್ಲ.

ಶಬಾನಾ ಈಗ ಮುಳಬಾಗಿಲಿನಲ್ಲಿ ಟೀಚರು. ಹದಿನೆಂಟು ವರ್ಷದ ಹಿಂದೆ ಯಲ್ದೂರಿನಲ್ಲಿ ನನ್ನ ವಿದ್ಯಾರ್ಥಿನಿ. ಆ ವರ್ಷ ಮೇಷ್ಟ್ರುಗಳಾದ ನಮಗೊಂದು ತರಬೇತಿ ನಡೆಯಿತು. ಫ್ಯಾನಿನ ಕೆಳಗೆ ಬಿಸ್ಕತ್ತು ತಿನ್ನುತ್ತ ಒಬ್ಬ ಮಹಾಶಯರು, "ಏನನ್ನೂ ಬಾಯಲ್ಲಿ ಹೇಳಬೇಡಿ, ಮಾಡಿ ತೋರಿಸಿ" ಎಂದು ಒಂದು ದಿನವಿಡೀ ಬಾಯಲ್ಲೇ ಹೇಳಿದರು. ಕೆರೆಯಲ್ಲೇ ನೀರಿಲ್ಲದ ಊರಲ್ಲಿ ಸಮುದ್ರವನ್ನು ಮಾಡುವುದು ಹೇಗೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗಂತೂ ಎರಡನೇ ಬಿಸ್ಕತ್ತು ತಪ್ಪೀತೆಂಬ ಚಿಂತೆ.

ಹಾಗಾಗಿ ಸಮುದ್ರದ ಪಾಠದ ದಿನ ಬಿಸಿಯೂಟದ ಬೋಗುಣಿಗೆ ನೀರು ತುಂಬಿ, ಮನೆಯಿಂದ ತಂದ ರಾಗಿಮುದ್ದೆಯನ್ನು ಅಂಚಿಗೆ ಒತ್ತಿ ಕೂರಿಸಿದೆ. "ಇದು ಭೂಶಿರ. ಸಮುದ್ರದೊಳಕ್ಕೆ ಚಾಚಿದ ನೆಲ" ಎಂದು ಘೋಷಿಸಿ, ನೀರು ಅದನ್ನು ಕೊರೆಯುವುದನ್ನು ತೋರಿಸಲು ತಟ್ಟೆಯಿಂದ ಅಲೆ ಎಬ್ಬಿಸಿದೆ. ಅರ್ಧ ಗಂಟೆ ಎಬ್ಬಿಸಿದೆ. ಅಂಗಿ ತೊಯ್ದಿತು, ಭೂಶಿರ ಅಲುಗಲಿಲ್ಲ. ಆರಿದ ಮುದ್ದೆ ಕಲ್ಲಾಗುತ್ತದೆಂದು ಮುದ್ದೆ ತಿಂದೇ ಬೆಳೆದವನಿಗೆ ಹೊಳೆಯಲಿಲ್ಲ ನೋಡಿ. ಬಾಗಿಲಲ್ಲಿ ನಿಂತ ಅಡುಗೆಯ ಮುನಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಅಯ್ಯೋ ಸಾ, ಮುಂದ್ಗಡೆ ಯಾಕೆ ಬಡೀತೀರ? ಪಕ್ಕದಲ್ಲಿ ನೋಡಿ, ಗಂಟು. ಹಿಟ್ಟು ಬೇಯ್ದೆ ಹಂಗೇ ಉಳ್ಕೊಂಡದೆ. ಯಾರು ತಿರುವಿದ್ದು ಈ ಮುದ್ದೇನ?"

"ನಾನೇ."

"ಅದಕ್ಕೇ ಮತ್ತೆ!"

ಅವಳು ತೋರಿಸಿದ ಕಡೆ ಅಲೆ ತಾಗಿಸಿದೆ. ಹಸಿ ಹಿಟ್ಟು ಕದಡಿ ಗುಳಿ ಬಿತ್ತು. ಇನ್ನೊಂದು ಬದಿಯಿಂದಲೂ ತಾಗಿಸಿದಾಗ ಗುಳಿ ತೂತಾಗಿ ಕಮಾನಾಯಿತು. ಕಮಾನಿನ ನೆತ್ತಿ ಕುಸಿದು ತುದಿಯ ತುಂಡು ಕಂಬದ ಹಾಗೆ ನೀರಲ್ಲಿ ನಿಂತಿತು. ಸಮುದ್ರವೂ ಹೀಗೆಯೇ ಬಂಡೆಯ ಬಿರುಕು ಹುಡುಕಿ ಸಾವಿರಾರು ವರ್ಷ ಕೊರೆಯುತ್ತದೆ ಎಂದೆ, ಕಣ್ಣಾರೆ ಕಂಡವನ ಗತ್ತಿನಲ್ಲಿ. ಪಾಠ ಮಾಡಿದವಳು ಮುನಿಯಮ್ಮ, ಗತ್ತು ನನ್ನದು.

ಮೊದಲ ಬೆಂಚಿನ ಶಬಾನಾ ಎದ್ದಳು. "ಸಾರ್, ನೀವು ಸಮುದ್ರ ನೋಡಿದೀರಾ?"

"ನೋಡ್ದೆ ಹೇಳ್ತೀನೇನಮ್ಮಾ? ಎಷ್ಟೋ ಸಲ!"

ಇವತ್ತು ಮಧ್ಯಾಹ್ನದವರೆಗೂ ಜ್ವರ, ಸೊಂಟನೋವು, ನೆಂಟರ ಸಾವು, ಒಂದೊಂದೇ ನೆಪವನ್ನು ಹಾಕಿಕೊಂಡು ನೋಡಿದೆ. ಯಾವುದೂ ಅಳತೆಗೆ ಕೂರಲಿಲ್ಲ. ಒಂದು ಸುಳ್ಳನ್ನು ಕಾಯಲು ನೆಂಟರನ್ನು ಕೊಲ್ಲುವ ಮಟ್ಟಕ್ಕೆ ಇಳಿದೆನಲ್ಲ ಎಂದು ನನ್ನ ಮೇಲೆಯೇ ಹೇಸಿಗೆಯಾಗಿ ಫೋನ್ ಮಾಡಿದೆ.

"ಶಬಾನಾ, ನಾನು ಸಮುದ್ರ ನೋಡೇ ಇಲ್ಲ ಕಣಮ್ಮಾ. ಅವತ್ತು ಸುಳ್ಳು ಹೇಳ್ದೆ."

"ನಮ್ಮ ಸಾರ್ ಕಣ್ಣಾರೆ ನೋಡಿ ಹೇಳಿದ್ದು ಅಂತ ನಾನು ನನ್ನ ಮಕ್ಕಳಿಗೆ ಪ್ರತಿ ವರ್ಷ ಹೇಳ್ತೀನಿ ಸಾರ್" ಎಂದಳು. ದನಿ ಗಡುಸಾಗಿತ್ತು. "ಆಯ್ತು. ಪಾಠ ನಾನು ಮಾಡ್ತೀನಿ. ನೀವು ಬಂದು ಮಕ್ಕಳ ಸಾಲಲ್ಲಿ ನಿಂತ್ಕೊಳ್ಳಿ. ಏನಾದ್ರೂ ಕೇಳ್ಬೇಕಂದ್ರೆ ಕೈ ಎತ್ತಿ."

ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೇನೆ. ಮೊದಲನೆಯದು: ನಾವು ನಿಂತಿರುವ ಬಂಡೆ ಇವತ್ತೇ ಬೀಳುವುದಿಲ್ಲವೆಂಬುದು ಖಾತ್ರಿಯೇ, ಟೀಚರ್?