ಲೋಕಪ್ಪನ ಕಿವಿಯಂತ್ರ

ಕುಪ್ಪಗಡ್ಡೆಯ ಚೌಡಪ್ಪ ಹತ್ತೊಂಬತ್ತು ವರ್ಷ ಸೈನ್ಯದಲ್ಲಿ ಫಿರಂಗಿ ಹಾರಿಸಿದವರು. ಗಡಿಯ ಚಳಿಯಲ್ಲಿ ಅವರು ನೆನೆಯುತ್ತಿದ್ದದ್ದು ಹೆಂಡತಿ ತಿಮ್ಮಮ್ಮ ಅಕ್ಕಿ ಕೇರುತ್ತ ಹಾಡುವ ಪದಗಳನ್ನು. ವರ್ಷಕ್ಕೆರಡು ತಿಂಗಳ ರಜೆಯಲ್ಲಿ ಕೇಳಿದ್ದೆಷ್ಟೋ ಅಷ್ಟೇ. ‘ರಿಟೈರಾದ ಮೇಲೆ ಕೂತು ಕೇಳುವುದೇ ಕೆಲಸ’ ಎಂದು ಪತ್ರ ಬರೆಯುತ್ತಿದ್ದರು.

ಊರಿಗೆ ಬರುವ ಹೊತ್ತಿಗೆ ಫಿರಂಗಿಯ ಸದ್ದು ಕಿವಿಯನ್ನು ತಿಂದಿತ್ತು. ಸರ್ಕಾರ ಕೊಟ್ಟ ಹಳೇ ಕಿವಿಯಂತ್ರದಲ್ಲಿ ಮಾತು ಕೇಳಿಸುತ್ತಿತ್ತು, ಪದದ ರಾಗ ಹಿಡಿಯುತ್ತಿರಲಿಲ್ಲ. ಅದೂ ಹಲವು ವರ್ಷ ಬಾಳಿ, ಅವರ ಅರವತ್ತೆಂಟನೇ ವಯಸ್ಸಿನಲ್ಲಿ ಕೆಟ್ಟಿತು. ಶಿವಮೊಗ್ಗದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದರು: ‘ಯಂತ್ರದ ಬೆಲೆ ಏರಿದೆ. ಸರ್ಕಾರ ಕೊಡುವ ಮೊತ್ತ ಏರಿಲ್ಲ. ಉಳಿದದ್ದು ನೀವು ಹಾಕಬೇಕು.’

ತಿಮ್ಮಮ್ಮನ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನೂ ಅಲ್ಲಿ ಎಷ್ಟೋ ಸಲ ಸಿಗುತ್ತಿರಲಿಲ್ಲ. ಸೊರಬದ ಮೆಡಿಕಲ್ ಶಾಪಿನಲ್ಲಿ ಕೈಯಿಂದ ದುಡ್ಡು ಕೊಟ್ಟು ತರುತ್ತಿದ್ದರು. “ಇಂಜೆಕ್ಷನ್ ಬಿಡಂಗಿಲ್ಲ, ಕಿವಿ ಇರ್ಲಿ ಬಿಡು,” ಎಂದರು ಚೌಡಪ್ಪ. ಎರಡು ವರ್ಷ ಮನೆಯಲ್ಲಿ ಕೈಸನ್ನೆಯೇ ಮಾತಾಯಿತು.

ಹೋದ ವರ್ಷ ಶಿಕಾರಿಪುರದ ಲೋಕಪ್ಪ ತೀರಿಕೊಂಡರು. ಒಂದೇ ಫಿರಂಗಿಯ ಹಿಂದೆ ನಿಂತಿದ್ದ ಗೆಳೆಯ. ತಿಂಗಳ ನಂತರ ಚೌಡಪ್ಪ ಮಾತಾಡಿಸಲು ಹೋದಾಗ ಲೋಕಪ್ಪನವರ ಹೆಂಡತಿ ಹನುಮಮ್ಮ ಗೂಡಿನಿಂದ ಒಂದು ಡಬ್ಬಿ ತಂದರು. ಒಳಗೆ ಗಂಡನ ಕಿವಿಯಂತ್ರ, ಹೊಸ ನಮೂನೆಯದು. ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು: “ತಗೋರಿ ಅಣ್ಣಾರ. ಸೆಲ್ ಬದಲಾಯಿಸ್ತಾನೇ ಇದ್ದೀನ್ರಿ. ಯಾಕೋ ಆರಿಸಾಕ ಮನಸ್ಸಾಗ್ಲಿಲ್ಲ.”

ಶಿವಮೊಗ್ಗದ ಅಂಗಡಿಯವನು ಅದನ್ನು ಚೌಡಪ್ಪನವರ ಕಿವಿಗೆ ಹೊಂದಿಸಿಕೊಟ್ಟ. ಮನೆಗೆ ಬಂದವರೇ ಹೆಂಡತಿಯೆದುರು ಕೂತರು.

“ಒಂದು ಪದ ಹೇಳೇ.”

“ಕೇಳೋರಿಲ್ಲ ಅಂತ ಬಿಟ್ಟೇಬಿಟ್ಟಿದ್ದೆ. ಈಗ ಬಾಯಿಗೆ ಬರಾದಿಲ್ಲ,” ಎನ್ನುತ್ತಲೇ ತಿಮ್ಮಮ್ಮ ಶುರುಮಾಡಿದರು. ದನಿ ಒಡೆದಿತ್ತು, ನಡುವೆ ಒಂದು ಸಾಲು ಮರೆತೂ ಹೋಯಿತು. ಬಂಕರಿನಲ್ಲಿ ಚೌಡಪ್ಪ ಜೋಪಾನ ಮಾಡಿದ್ದ ಆ ಎಳೆಯ ದನಿ ಎಲ್ಲೂ ಸಿಗಲಿಲ್ಲ. ಅವರು ಕಣ್ಣು ಮುಚ್ಚಿ ಅದನ್ನೇ ಹುಡುಕುತ್ತಿದ್ದರು.

“ಇನ್ನೊಂದ್ಸಲ ಹೇಳು,” ಎಂದರು.

ಮುಂದಿನ ವಾರ ಶಿಕಾರಿಪುರಕ್ಕೆ ಹೋಗಿ ಹನುಮಮ್ಮನಿಗೆ ಎಲ್ಲವನ್ನೂ ತಿಳಿಸಿದರು. ಆಕೆ ಮಳೆ, ಬೆಳೆ, ಕುರಿ ಮರಿ ಹಾಕಿದ್ದು ಹೇಳುತ್ತ ಹೋದರು. ಚೌಡಪ್ಪನವರ ಮುಖ ನೋಡಲಿಲ್ಲ. ಯಂತ್ರವಿದ್ದ ಕಿವಿಯ ಕಡೆಗೇ ತಿರುಗಿ, ಗಂಡನ ಹತ್ತಿರ ಆಡುವಷ್ಟು ಮೆಲ್ಲಗೆ ಆಡಿದರು. ಚೌಡಪ್ಪ ಕದಲದೆ ಕೂತರು.