ಗಿಟಾರಿನೊಳಗಿನ ಸೋಪಿನ ಡಬ್ಬಿ

ಎರಡು ವರ್ಷದ ಹಿಂದಿನ ಏಪ್ರಿಲ್. ಪೀಣ್ಯದ ಒಂದು ಪ್ಯಾಕಿಂಗ್ ಕಂಪನಿಯಲ್ಲಿ ನಾನು ಸೂಪರ್‌ವೈಸರ್. ನಿವೃತ್ತಿಗೆ ಎಂಟು ತಿಂಗಳು ಬಾಕಿ ಇತ್ತು. ಗೇರ್‌ಬಾಕ್ಸ್, ಪಂಪು, ಲೇತ್ ಯಂತ್ರಗಳನ್ನು ಮರದ ಪೆಟ್ಟಿಗೆಯಲ್ಲಿ ಭದ್ರಪಡಿಸಿ ದೂರದ ಊರುಗಳಿಗೆ ಕಳಿಸುವುದು ನಮ್ಮ ಕೆಲಸ. ನನ್ನ ಪೆಟ್ಟಿಗೆಯಿಂದ ತುಕ್ಕು ಹಿಡಿದ ಸಾಮಾನು ಇಳಿದದ್ದೇ ಇಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಈಗಲೂ ಆ ಮಾತು ನಿಜವೇ, ಆದರೆ ಹೇಳಲು ಮನಸ್ಸಾಗುವುದಿಲ್ಲ.

ಲೋಹಕ್ಕೆ ತೇವವೇ ಶತ್ರು. ಹಾಗಾಗಿ ಯಂತ್ರವನ್ನು ಅಲ್ಯೂಮಿನಿಯಂ ಫಾಯಿಲ್ ಚೀಲದೊಳಗಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿ ಎಳೆದು ಸೀಲ್ ಮಾಡುತ್ತೇವೆ. ಒಳಗೊಂದು ಇಂಡಿಕೇಟರ್ ಕಾರ್ಡ್ ಇರುತ್ತದೆ. ಅದರ ಚುಕ್ಕಿಗಳು ಗುಲಾಬಿಯಾದರೆ ತೇವ ನುಗ್ಗಿದೆ ಎಂದರ್ಥ, ನೀಲಿಯಾಗಿಯೇ ಇದ್ದರೆ ಒಳಗೆಲ್ಲ ಒಣ. ಗ್ರಾಹಕರು ನೀಲಿ ಕಾರ್ಡಿನ ಫೋಟೊ ಕಳಿಸಿದ ದಿನ ನಾನು ಎಲ್ಲರಿಗೂ ಟೀ ಕೊಡಿಸುತ್ತಿದ್ದೆ.

ರಾಜಗೋಪಾಲನಗರದಲ್ಲಿ ನಮ್ಮ ಮೇಲಿನ ಮಹಡಿಯಲ್ಲಿ ಮಂಜುನಾಥ ಬಾಡಿಗೆಗಿದ್ದ. ವಾರವೆಲ್ಲ ಕಾರ್ಖಾನೆಯಲ್ಲಿ ಸಿಎನ್‌ಸಿ ಯಂತ್ರ ನಡೆಸುವುದು, ಭಾನುವಾರ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವುದು. ಆ ಗಿಟಾರ್ ಅವನಿಗೆ ಕಲಿಸಿದ ಮೇಷ್ಟ್ರದ್ದು. ಕೈನಡುಕ ಬಂದು ನುಡಿಸಲಾಗದೆ ಹೋದಾಗ ಅವರು ಅದನ್ನು ಇವನಿಗೆ ಕೊಟ್ಟು, ಅದೇ ವರ್ಷ ತೀರಿಕೊಂಡಿದ್ದರು. ಜೈಪುರದ ಕೆಲವು ಕನ್ನಡಿಗರು ತಂಡವನ್ನು ಕರೆಸಿಕೊಂಡಿದ್ದರು. ತಂಡ ರೈಲಿನಲ್ಲಿ, ಮೂರು ಆಂಪ್ಲಿಫೈಯರ್‌ಗಳು ಲಾರಿಯಲ್ಲಿ ಎಂದು ತೀರ್ಮಾನವಾಗಿತ್ತು. ಗಿಟಾರನ್ನು ಮಂಜು ತೊಡೆಯ ಮೇಲಿಟ್ಟುಕೊಂಡೇ ಹೋಗುವವನಿದ್ದ.

"ರೈಲಲ್ಲಿ ಯಾರಾದ್ರೂ ಅದರ ಮೇಲೆ ಸೂಟ್‌ಕೇಸ್ ಇಟ್ಬಿಡ್ತಾರೆ ಕಣೋ. ನಂಗೆ ಬಿಡು, ಒಂದು ಗೀರೂ ಬೀಳಲ್ಲ," ಎಂದೆ. ನಂಬಿ ಕೊಟ್ಟ.

ಆಂಪ್ಲಿಫೈಯರ್‌ಗಳನ್ನು ನೆಟ್ಟಗೆ ನಿಲ್ಲಿಸಿ, ಸ್ಪೀಕರಿನ ಮುಖಕ್ಕೆ ಪ್ಲೈವುಡ್ ಮರೆ ಕೊಟ್ಟು, ಮೂಲೆಗಳಿಗೆ ದಪ್ಪ ಫೋಮ್ ಹಾಕಿದೆ. ಗಿಟಾರಿನ ತಂತಿಗಳನ್ನು ಮಂಜುವೇ ಸಡಿಲಿಸಿದ್ದ. ಅವನು ಶಿಫ್ಟಿಗೆ ಹೋದ ಮೇಲೆ ಕೇಸ್ ತೆರೆದು ನೋಡಿದರೆ, ತಂತಿಗಳ ಕೆಳಗಿನ ದುಂಡು ರಂಧ್ರದೊಳಗೆ ನೂಲಿಗೆ ಕಟ್ಟಿದ ಏನೋ ಒಂದು ಇತ್ತು. ಎಳೆದೆ. ಪುಟ್ಟ ಪ್ಲಾಸ್ಟಿಕ್ ಸೋಪಿನ ಡಬ್ಬಿ, ಮೈತುಂಬ ತೂತು, ಒಳಗೆ ಒದ್ದೆ ಸ್ಪಂಜು. ನನಗೆ ಮೈ ಉರಿದುಹೋಯಿತು. ಪ್ಯಾಕಿಂಗಿಗೆ ಕೊಡುವ ಸಾಮಾನಿನೊಳಗೆ ನೀರು ಇಡುತ್ತಾರೆಯೇ! ಡಬ್ಬಿಯನ್ನು ಕಂಪನಿಯಲ್ಲಿನ ನನ್ನ ಮೇಜಿನ ಮೇಲೆ ಎಸೆದು, ಆ ಜಾಗದಲ್ಲಿ ಸಿಲಿಕಾ ಜೆಲ್ ತುಂಬಿದೆ. ನಮ್ಮ ಮಂಜುವಿನದಲ್ಲವೇ ಎಂದು ಎರಡು ಪೊಟ್ಟಣ ಹೆಚ್ಚಾಗಿಯೇ ಹಾಕಿ, ಕಾರ್ಡ್ ಇಟ್ಟು, ಫಾಯಿಲ್ ಚೀಲದಲ್ಲಿ ಸೀಲ್ ಮಾಡಿದೆ.

ಸೋಮವಾರ ಲಾರಿ ಹೊರಟಿತು. ಆರು ದಿನದ ದಾರಿ. ಗುರುವಾರ ಮಂಜು ರೈಲಿನಿಂದ ಫೋನ್ ಮಾಡಿದ.

"ಅಣ್ಣ, ಒಳಗಿರೋ ಸ್ಪಂಜು ಇನ್ನೂ ಒದ್ದೆ ಇರುತ್ತೆ ಅಲ್ವಾ? ಈ ಕಡೆ ಗಾಳಿ ಬೆಂಕಿ ಥರ ಇದೆ. ಮರ ಒಣಗಿದ್ರೆ ಸೀಳ್ಬಿಡುತ್ತೆ. ಅದೊಂದನ್ನ ಮರೀಬೇಡ ಅಂತ ಮೇಷ್ಟ್ರು ಯಾವಾಗ್ಲೂ ಅಂತಿದ್ರು."

ಡಬ್ಬಿ ನನ್ನ ಕಣ್ಣೆದುರಿಗೇ ಇತ್ತು. "ಹೂಂ, ಇರುತ್ತೆ," ಎಂದುಬಿಟ್ಟೆ. ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ.

ತಕ್ಷಣ ಲಾರಿಯ ಚಾಲಕ, ಅತ್ತಿಬೆಲೆಯ ಮುನಿರಾಜುವಿಗೆ ಫೋನ್ ಮಾಡಿ ಪೆಟ್ಟಿಗೆ ಬಿಚ್ಚಲು ಕೇಳಿಕೊಂಡೆ.

"ಅಂಗೆಲ್ಲ ಬಿಚ್ಚಕ್ಕಾಗಲ್ಲ ಸಾರ್. ನಿಮ್ ಪೆಟ್ಟಿಗೆ ಕ್ಯಾಬಿನ್ ಪಕ್ದಲ್ಲೈತೆ, ಅದರ ಇಂದೆ ನಾಲ್ಕು ಮಿಶಿನ್ನು. ಕ್ರೇನ್ ಇಲ್ದೆ ಒಂದೂ ಅಲ್ಲಾಡಲ್ಲ."

ಕುಲುಕಾಟ ಕಡಿಮೆ ಎಂದು ಅಲ್ಲಿ ಇಡಿಸಿದವನೂ ನಾನೇ. "ನೆರಳಲ್ಲಾದ್ರೂ ನಿಲ್ಸಪ್ಪ," ಎಂದೆ.

"ಎಲ್ಲೈತೆ ಸಾರ್ ನೆರಳು?"

ಆಮೇಲೆ ನನಗೆ ಉಳಿದ ಕೆಲಸ ಮೊಬೈಲಿನಲ್ಲಿ ಲಾರಿಯ ಜಿಪಿಎಸ್ ನೋಡುವುದು ಮಾತ್ರ. ಒಮ್ಮೆ ಆ ಗುರುತು ಡಾಬಾವೊಂದರ ಮುಂದೆ ಮೂರು ಗಂಟೆ ಕದಲಲಿಲ್ಲ. ಬಿಸಿಲಲ್ಲಿ ನಿಂತಿದೆಯೋ ನೆರಳಲ್ಲೋ, ನಕ್ಷೆಯಲ್ಲಿ ತಿಳಿಯುವುದಿಲ್ಲ. ಯಾರಿಗೂ ಬಿಚ್ಚಲಾಗದಂತೆ ಪ್ಯಾಕ್ ಮಾಡುವುದರಲ್ಲಿ ಪಳಗಿದ ಕೈ ನನ್ನದು, ಈಗ ನನಗೂ ಬಿಚ್ಚಲಾಗುತ್ತಿರಲಿಲ್ಲ. ಶುಕ್ರವಾರ ತಡೆಯಲಾರದೆ ಮಂಜುವಿಗೆ ಎಲ್ಲ ಹೇಳಿಬಿಟ್ಟೆ. ಅವನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಒಂದ್ಮಾತು ಕೇಳ್ಬೇಕಿತ್ತು ಅಣ್ಣ," ಎಂದಷ್ಟೇ ಹೇಳಿ ಫೋನ್ ಇಟ್ಟ.

ಶನಿವಾರ ಮಧ್ಯಾಹ್ನ ಮೂರು ಫೋಟೊ ಬಂದವು. ಮೊದಲನೆಯದರಲ್ಲಿ ಆಂಪ್ಲಿಫೈಯರ್‌ಗಳು, ನಾನು ಹೇಳಿದಂತೆ ಒಂದು ಗೀರೂ ಇಲ್ಲ. ಎರಡನೆಯದು ಇಂಡಿಕೇಟರ್ ಕಾರ್ಡ್. ಅಷ್ಟು ಅಚ್ಚ ನೀಲಿಯ ಕಾರ್ಡನ್ನು ನನ್ನ ಸರ್ವಿಸಿನಲ್ಲೇ ನಾನು ನೋಡಿರಲಿಲ್ಲ. ಮೂರನೆಯದರಲ್ಲಿ ಗಿಟಾರಿನ ಮೈ ನಡುವಿನಿಂದ ಕೆಳಗಿನ ಅಂಚಿನವರೆಗೆ ಸೀಳಿತ್ತು.

ಮಂಜು ಅಲ್ಲಿ ಯಾರದೋ ಗಿಟಾರ್ ಎರವಲು ಪಡೆದು ನುಡಿಸಿದ. ಹಿಂದಿರುಗುವಾಗ ತನ್ನದನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ರಿಪೇರಿಯವರು ಸೀಳನ್ನು ಬೆಸೆದುಕೊಟ್ಟರು. ಆದರೆ ಮಂದ್ರದ ಆ ತುಂಬು ದನಿ ಮರಳಲಿಲ್ಲ. ಮೊದಲು ಅದು ನಮ್ಮ ಮನೆಯ ತಾರಸಿಯ ಮೂಲಕ ಕೆಳಗೂ ಕೇಳುತ್ತಿತ್ತು, ಈಗ ಕೇಳುವುದಿಲ್ಲ.

ಒಂದು ಸಂಜೆ ಅವನು ಗಿಟಾರ್ ಹಿಡಿದು ನೇರ ನನ್ನ ಮೇಜಿನ ಬಳಿ ಬಂದ. ಡಬ್ಬಿ ಕೊಡುವಾಗ ನನಗೆ ಅವನ ಮುಖ ನೋಡಲಾಗಲಿಲ್ಲ. ಅವನು ಅದನ್ನು ತೆಗೆದುಕೊಳ್ಳಲಿಲ್ಲ.

"ನೀವೇ ಹಾಕಿ ಅಣ್ಣ," ಎಂದ.

ನಲ್ಲಿಯ ಹತ್ತಿರ ಹೋಗಿ ಒಣಗಿದ ಸ್ಪಂಜನ್ನು ಕೈಯಲ್ಲಿ ಹಿಡಿದು ನಿಂತೆ. ಮೂವತ್ತು ವರ್ಷ ನೀರನ್ನು ಹೊರಗಿಟ್ಟು ಅನ್ನ ತಿಂದವನಿಗೆ ನೀರು ಹಾಕುವುದು ಗೊತ್ತಿರಲಿಲ್ಲ. ಇನ್ನೊಬ್ಬರ ವಸ್ತುವನ್ನು ಕಾಯಬೇಕಾದರೆ ಮೊದಲು ಏನು ಮಾಡಬೇಕೆಂದು ಈ ಕೆಲಸ ನನಗೆ ಕಲಿಸಿದ್ದು ಅಲ್ಲಿ, ಆ ನಲ್ಲಿಯ ಮುಂದೆ. ತಿರುಗಿ ಅವನನ್ನು ಕೇಳಿದೆ:

"ಎಷ್ಟು ಹಾಕ್ಬೇಕು ಮಂಜು?"